ಹೊಸತು ಆಗದ ಮನೆ

"ಗುರುಗಳೇ, ತಂದೆತಾಯಿ ಚರ್ಚಿನ ಕಡೆ ತಲೆ ಹಾಕಿಯೂ ಮಲಗದವರಾದರೆ, ಅವರ ಮಗುವಿಗೆ ಜ್ಞಾನಸ್ನಾನ ಕೊಡಬೇಕೇ?"

ಕೇಳಿದವನು ಡೆನ್ಜಿಲ್. ಪಾದ್ರಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೇಳಿದ್ದು ಸಿಪ್ರಿಯಾನ್ ಫಾದರ್ ಅವರನ್ನು. ಸೆಮಿನರಿಯಲ್ಲಿ ಅವನಿಗೆ ಪಾಠ ಹೇಳಿದವರು ಅವರು. ಈಗ ವಯಸ್ಸಾಗಿ, ನಿವೃತ್ತ ಪಾದ್ರಿಗಳ ಮನೆಯಲ್ಲಿ ಒಂದು ಕೋಣೆ ಹಿಡಿದು ಕೂತಿದ್ದರು. ಮಧ್ಯಾಹ್ನದ ಹೊತ್ತು. ಅವರ ಮುಂದೆ ಕುಚ್ಚಲಕ್ಕಿ ಗಂಜಿ ಇತ್ತು, ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ.

"ಉತ್ತರ ಕೊಟ್ಟು ಮುಗಿಸಿ ಆಮೇಲೆ ಪ್ರಶ್ನೆ ಕೇಳಲು ಬಂದವನ ಮುಖ ನಿನ್ನದು," ಎಂದರು ಗುರುಗಳು. "ಏನು ಹೇಳಿ ಕಳಿಸಿದೆ ಅವರನ್ನು?"

ಡೆನ್ಜಿಲ್ ನಡೆದದ್ದನ್ನು ಹೇಳಿದ. ಶನಿವಾರ ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದಿದ್ದರು. ಮದುವೆಯಾದ ಮೇಲೆ ಅವರು ಪೂಜೆಗೆ ಬಂದವರಲ್ಲ, ಹಬ್ಬಕ್ಕೂ ಬಂದವರಲ್ಲ. ಯಾಕೆ ಎಂದು ಅವನು ಕೇಳಿದ. ಗಂಡ ನೆಲ ನೋಡಿದ. ಹೆಂಡತಿ, "ಬರಬೇಕು ಫಾದರ್, ಆಗ್ಲಿಲ್ಲ" ಎಂದಳು. ಇದೂ ಒಂದು ಕಾರಣವೇ? ಅದರ ಮೇಲೆ ಮಗುವಿಗೆ ಜ್ಞಾನಸ್ನಾನದ ಬಿಳಿ ಅಂಗಿ ಬೇರೆ ತೊಡಿಸಿಕೊಂಡೇ ಬಂದಿದ್ದರು, ಎಲ್ಲವೂ ನಿಶ್ಚಯವಾಗಿಬಿಟ್ಟ ಹಾಗೆ. ಅದನ್ನು ನೋಡಿ ಅವನಿಗೆ ಸಿಟ್ಟು ಬಂತು. ಕೆಲವು ತಿಂಗಳು ತಪ್ಪದೆ ಪೂಜೆಗೆ ಬನ್ನಿ, ಆಮೇಲೆ ನೋಡೋಣ ಎಂದ.

"ಅವರು ಏನೆಂದರು?"

"'ಸರಿ ಫಾದರ್' ಅಂದರು, ಹೋದರು. ಎದುರು ಮಾತಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. ನಿಜವಾಗಿ ಬೇಕಿದ್ದವರು ಹಾಗೆ ಸುಮ್ಮನೆ ಹೋಗುತ್ತಾರೆಯೇ ಗುರುಗಳೇ? ನಿಯಮವೂ ಅದನ್ನೇ ಹೇಳುತ್ತದೆ. ಮಗು ವಿಶ್ವಾಸದಲ್ಲಿ ಬೆಳೆಯುತ್ತದೆ ಎನ್ನುವ ಭರವಸೆ ಇರಬೇಕು. ಆ ಮನೆಯಲ್ಲಿ ಭರವಸೆ ಎಲ್ಲಿದೆ? ತಲೆಗೆ ನೀರು ಹಾಕಿ ಕಳಿಸಿದರೆ ಆ ಮಗುವನ್ನು ನಾನು ಮತ್ತೆ ನೋಡುವುದಿಲ್ಲ. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ."

ಗುರುಗಳು ಮಿಡಿಯನ್ನು ಕಚ್ಚಿ, ಹುಳಿಗೆ ಕಣ್ಣು ಮುಚ್ಚಿ ತೆರೆದರು.

"ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಉಂಟಲ್ಲ, ಅದನ್ನು ಕಟ್ಟಿದವನು ನಮ್ಮ ಚರ್ಚಿಗೂ ಒಮ್ಮೆ ಬಂದು ಹೋಗಿರಬೇಕು. ಕೂತುಕೋ ಮಾರಾಯ. ಗಂಜಿ ಆರಲಿ. ಒಂದು ಕತೆ ಕೇಳು."

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ರೈತ ಇದ್ದ. ಅವನ ಗದ್ದೆ ತಗ್ಗಿನಲ್ಲಿತ್ತು. ಊರಿನ ಬೇರೆ ಗದ್ದೆಗಳಿಗಿಂತ ಮೊದಲು ಅಲ್ಲಿ ತೆನೆ ಬಲಿಯುತ್ತಿತ್ತು.

ನಮ್ಮವರ ತೆನೆಹಬ್ಬ ನಿನಗೆ ಗೊತ್ತೇ ಇದೆ. ಆದರೂ ಹೇಳುತ್ತೇನೆ, ಗೊತ್ತಿದ್ದದ್ದನ್ನೇ ನಾವು ಮೊದಲು ಮರೆಯುವುದು. ಮಾತೆ ಮರಿಯಮ್ಮನ ಹುಟ್ಟಿದ ಹಬ್ಬದ ದಿನ ಗದ್ದೆಯಿಂದ ಹೊಸ ತೆನೆ ಕೊಯ್ದು ಚರ್ಚಿಗೆ ತರುತ್ತಾರೆ. ಪಾದ್ರಿ ಅದನ್ನು ಆಶೀರ್ವದಿಸುತ್ತಾನೆ. ಊರಿನ ಕ್ರೈಸ್ತ ಮನೆಗಳಿಗೆಲ್ಲ ಹಿರಿಯನಾದ ಗುರ್ಕಾರ ಅದನ್ನು ಮನೆಮನೆಗೆ ಹಂಚುತ್ತಾನೆ. ಮನೆಯಲ್ಲಿ ಆ ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಹಾಕುತ್ತಾರೆ. ಯಜಮಾನ ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾನೆ. ಪರವೂರಿನಲ್ಲಿ ಇರುವವರ ಪಾಲನ್ನು ಎತ್ತಿಡುತ್ತಾನೆ. ಇದಕ್ಕೆ 'ಹೊಸತು' ಎನ್ನುತ್ತಾರೆ. ಹೊಸತು ಆಗದೆ ಆ ಮನೆಯಲ್ಲಿ ಆ ವರ್ಷದ ಅಕ್ಕಿಯನ್ನು ಯಾರೂ ಬಾಯಿಗಿಡುವುದಿಲ್ಲ.

ಅಜ್ಜನ ಕಾಲದಿಂದ ಆ ಊರಿನ ಹಬ್ಬಕ್ಕೆ ತೆನೆ ಹೋಗುತ್ತಿದ್ದದ್ದು ಈ ರೈತನ ಗದ್ದೆಯಿಂದ. ಅವನು ಚರ್ಚಿನಲ್ಲಿ ಹಾಡುವವನಲ್ಲ. ಪಾದ್ರಿಯ ಪ್ರಸಂಗದ ಹೊತ್ತಿಗೆ ತೂಕಡಿಸುವವನು. ಆದರೆ ವರ್ಷಕ್ಕೊಮ್ಮೆ ಆ ತೆನೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ತರುವಾಗ ಅವನ ಮುಖ ನೋಡಬೇಕಿತ್ತು. ಅವನ ಪ್ರಾರ್ಥನೆಯೆಲ್ಲ ಅದರಲ್ಲೇ ಇತ್ತು.

ಒಂದು ವರ್ಷ ಹಬ್ಬ ಹತ್ತಿರವಿರುವಾಗ ರೈತನ ಹೆಂಡತಿ ತೀರಿಕೊಂಡಳು. ಮಗಳು ಇನ್ನೂ ಎದೆಹಾಲು ಬಿಡದ ಕೂಸು. ಗುರ್ಕಾರ ಒಳ್ಳೆಯ ಮನುಷ್ಯ. ದುಃಖದ ಮನೆಗೆ ಹೋಗಿ ತೆನೆ ಕೊಡು ಎನ್ನುವುದು ಹೇಗೆ ಎಂದು, ಆ ವರ್ಷ ಪಕ್ಕದ ಊರಿನ ಗದ್ದೆಯಿಂದ ತೆನೆ ತರಿಸಿದ. ರೈತನಿಗೆ ಒಂದು ಮಾತು ಹೇಳಿಬಿಡಬೇಕು ಎನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಹಬ್ಬದ ಬೆಳಿಗ್ಗೆ ರೈತ ಗದ್ದೆಗೆ ಇಳಿದು ತೆನೆ ಕೊಯ್ದ. ಆ ವರ್ಷ ದೇವರ ಮುಂದೆ ಇಡಲು ಅವನ ಹತ್ತಿರ ಬೇರೇನೂ ಉಳಿದಿರಲಿಲ್ಲ. ತಲೆಯ ಮೇಲೆ ಹೊರೆ, ಸೊಂಟದ ಮೇಲೆ ಮಗಳು, ಹಾಗೆ ನಡೆದು ಬಂದ. ಶಿಲುಬೆಯ ಕಟ್ಟೆಯ ಮೇಲೆ ಆಗಲೇ ಇನ್ನೊಂದು ಹೊರೆ ಇತ್ತು. ಅದಕ್ಕೆ ಹೂವನ್ನೂ ಕಟ್ಟಿದ್ದರು. ಅವನು ಸ್ವಲ್ಪ ಹೊತ್ತು ನಿಂತ. ಗುರ್ಕಾರ ಜನರನ್ನು ಸಾಲು ನಿಲ್ಲಿಸುವ ಗಡಿಬಿಡಿಯಲ್ಲಿದ್ದ. ಯಾರೂ ಏನೂ ಹೇಳಲಿಲ್ಲ. ರೈತ ತನ್ನ ಹೊರೆಯನ್ನು ಅಂಗಳದ ಗೋಡೆಯ ಮೇಲೆ ಇಟ್ಟ, ಮನೆಗೆ ಹೋದ. ಜಗಳವಾಡಲಿಲ್ಲ.

"ಆಡಿದ್ದರೆ ಚೆನ್ನಾಗಿತ್ತು," ಎಂದರು ಗುರುಗಳು. "ಜಗಳವಾಡಿದವನ ಮನೆಗೆ ರಾಜಿ ಮಾಡಲಿಕ್ಕಾದರೂ ಯಾರಾದರೂ ಹೋಗುತ್ತಾರೆ. ಸುಮ್ಮನೆ ಹೋದವನ ಹಿಂದೆ ಯಾರು ಹೋಗುತ್ತಾರೆ?"

ಪೂಜೆ ಮುಗಿದ ಮೇಲೆ ಗುರ್ಕಾರ ಹೊರಗೆ ಬಂದು ನೋಡಿದ. ಗೋಡೆಯ ಮೇಲಿನ ಹೊರೆಯನ್ನು ಯಾರದೋ ದನ ಎಳೆದು ತಿನ್ನುತ್ತಿತ್ತು. ಅದು ಯಾರ ಹೊರೆ ಎಂದು ಅವನಿಗೆ ತಿಳಿಯಿತು. ಇವತ್ತು ಹೋಗಿ ಮಾತಾಡಬೇಕು ಎಂದುಕೊಂಡ. ನಾಳೆ ಎಂದುಕೊಂಡ. ತಪ್ಪು ಮಾಡಿದವನಿಗೆ ನಾಚಿಕೆಗಿಂತ ಸಿಟ್ಟು ಹಗುರ. ತಿಂಗಳು ಕಳೆಯುವುದರೊಳಗೆ ಅವನು, "ಒಂದು ಹೊರೆ ತೆನೆಗಾಗಿ ದೇವರನ್ನೇ ಬಿಟ್ಟನಲ್ಲ" ಎಂದು ಹೇಳಿಕೊಂಡು ತಿರುಗತೊಡಗಿದ. ಜನ ತಲೆಯಾಡಿಸಿದರು. ಯಾರಾದರೂ ಕರೆಯಲು ಹೋಗೋಣವೇ ಎಂದು ಕೇಳಿದರೆ, "ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ? ತಾನಾಗಿ ಬರುತ್ತಾನೆ" ಎನ್ನುತ್ತಿದ್ದ.

ರೈತ ಬರಲಿಲ್ಲ. ಮೊದಲ ವರ್ಷ ಸಿಟ್ಟಿನಿಂದ ಬರಲಿಲ್ಲ. ಎರಡನೆಯ ವರ್ಷ, ಇಷ್ಟು ದಿನ ಬಾರದವನು ಈಗ ಯಾವ ಮುಖ ಹೊತ್ತು ಹೋಗಲಿ ಎಂದು ಬರಲಿಲ್ಲ. ಆಮೇಲೆ ಬಾರದೆ ಇರುವುದೇ ಅಭ್ಯಾಸವಾಯಿತು. ಅಭ್ಯಾಸಕ್ಕೆ ಕಾರಣ ಬೇಡ. ಆದರೂ ಮಧ್ಯಾಹ್ನ ಚರ್ಚಿನ ಗಂಟೆ ಹೊಡೆದರೆ ಉಳುತ್ತಿದ್ದವನು ನೇಗಿಲು ನಿಲ್ಲಿಸುತ್ತಿದ್ದ. ಕೊನೆಕೊನೆಗೆ ಎತ್ತುಗಳೂ ಪಳಗಿದವು. ಗಂಟೆ ಕೇಳಿದರೆ ಅವು ತಾವೇ ನಿಲ್ಲುತ್ತಿದ್ದವು. ಎತ್ತುಗಳಿಗೆ ಗೊತ್ತಿದ್ದದ್ದು ಊರಿಗೆ ಗೊತ್ತಿರಲಿಲ್ಲ.

ಊರಿಗೆ ಗೊತ್ತಿದ್ದದ್ದು ಬೇರೆ. ಪ್ರತಿ ಕೊಯ್ಲು ಮುಗಿದ ಮೇಲೆ ರೈತ ತನ್ನ ಹೊಸ ಅಕ್ಕಿಯನ್ನೆಲ್ಲ ಹುಲ್ಲಿನ ಮುಡಿ ಕಟ್ಟಿ ಅಂಗಡಿಗೆ ಸಾಗಿಸುತ್ತಿದ್ದ. ಅದಕ್ಕೆ ಬದಲಾಗಿ ಅಂಗಡಿಯವನ ಹಳೆ ಅಕ್ಕಿ ತರುತ್ತಿದ್ದ. ಒಳ್ಳೆಯ ಅಕ್ಕಿ ಕೊಟ್ಟು ಮುಗ್ಗಿದ ಅಕ್ಕಿ ತರುವ ಮನುಷ್ಯನನ್ನು ಯಾರಾದರೂ ಕಂಡಿದ್ದಾರೆಯೇ? "ತಾನು ಬೆಳೆದದ್ದು ತನಗೇ ರುಚಿಸದಷ್ಟು ಸೊಕ್ಕು" ಎಂದರು ಜನ.

ಮಗಳು ಬೆಳೆದಳು. ಒಂದು ಹಬ್ಬದ ದಿನ ಅಂಗಳದ ದಾಸವಾಳ ಕೊಯ್ದುಕೊಂಡು ತಾನೊಬ್ಬಳೇ ಚರ್ಚಿಗೆ ಬಂದಳು. ಬೇರೆ ಮಕ್ಕಳ ಜೊತೆ ಮರಿಯಮ್ಮನ ಮುಂದೆ ಹೂ ಹಾಕಿದಳು. ಆಮೇಲೆ ತೆನೆಯ ಸಾಲಿನ ಕೊನೆಯಲ್ಲಿ ನಿಂತಳು.

"ಅಪ್ಪ ಎಲ್ಲಿ ಮಗಾ?" ಎಂದು ಗುರ್ಕಾರ ಕೇಳಿದ.

"ಮನೆಯಲ್ಲಿದ್ದಾರೆ."

"ಹಾಗಾದ್ರೆ ಅಪ್ಪನನ್ನು ಕರ್ಕೊಂಡು ಬಾ. ತೆನೆ ಎಲ್ಲಿಗೂ ಓಡಿ ಹೋಗುವುದಿಲ್ಲ."

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ತೆನೆ ಹಿಡಿದಿಟ್ಟರೆ ಮಗಳ ಆಸೆಗಾದರೂ ಅಪ್ಪ ಬರುತ್ತಾನೆ ಎಂದು ಲೆಕ್ಕ ಹಾಕಿದ್ದ. ಬುದ್ಧಿವಂತರ ಲೆಕ್ಕ. ಹುಡುಗಿ "ಆಯ್ತು" ಎಂದು ಬರಿಗೈಯಲ್ಲಿ ತಿರುಗಿದಳು.

ಮನೆಯಲ್ಲಿ ಅಪ್ಪ ಜಗಲಿಯ ಮೇಲೆ ಕೂತಿದ್ದ. ಅವಳ ಕೈ ನೋಡಿದ. "ತೆನೆ ಮುಗಿದುಹೋಗಿತ್ತು ಅಪ್ಪ" ಎಂದಳು ಅವಳು. ಅಪ್ಪನಿಗೆ ನೋವಾಗಬಾರದೆಂದು ಮಗು ಸುಳ್ಳು ಹೇಳಿತು. ಅವನು ಬಹಳ ಹೊತ್ತು ಗದ್ದೆಯ ಕಡೆ ನೋಡಿದ.

"ನಮ್ಮ ಗದ್ದೆಯದಾಗಿದ್ರೆ ಮುಗೀತಿರಲಿಲ್ಲ," ಎಂದ.

ಆಮೇಲೆ ಅವಳು ಹೋಗಲಿಲ್ಲ. ಅವನೂ ಹೋಗು ಎನ್ನಲಿಲ್ಲ.

ಕೆಲವು ವರ್ಷಗಳಾದ ಮೇಲೆ ಆ ಊರಿಗೆ ಹೊಸ ಪಾದ್ರಿ ಬಂದ. ನಿನ್ನ ವಯಸ್ಸಿನವನು, ನಿನ್ನ ಹಾಗೆಯೇ ನಾಲಗೆ ಸ್ವಲ್ಪ ಮುಂದೆ. ಮನೆಮನೆಗೆ ಹೋಗಿ ಬರಬೇಕು ಎಂದು ಹೊರಟ. ರೈತನ ಮನೆಯ ದಾರಿ ಬಂದಾಗ ಗುರ್ಕಾರ, "ಆ ಮನೆ ಬಿಡಿ ಫಾದರ್, ಅವರು ಬಾರದವರು" ಎಂದ. ಪಾದ್ರಿ ಬಿಟ್ಟ. ಗುರ್ಕಾರ ತನ್ನ ಮನೆಗೆ ಹೋದ, ಪಾದ್ರಿ ಚರ್ಚಿನ ಕಡೆ ಹೊರಟ. ಆದರೆ ಮಳೆಗೆ ಗುರ್ಕಾರನ ಮಾತು ತಿಳಿಯುವುದಿಲ್ಲವಲ್ಲ. ಎಲ್ಲಿಂದಲೋ ಸುರಿದುಬಿಟ್ಟಿತು. ಕೊಡೆ ಇಲ್ಲದ ಪಾದ್ರಿ ಓಡಿ ಹತ್ತಿರದ ಜಗಲಿ ಹತ್ತಿದ. ಅದು ರೈತನ ಜಗಲಿ.

ರೈತ ಹೊಳೆಯಾಚೆ ಹೋಗಿದ್ದ. ಹುಡುಗಿ ಮಣೆ ಹಾಕಿದಳು, ತಲೆ ಒರೆಸಲು ಬಟ್ಟೆ ಕೊಟ್ಟಳು, ಬಿಸಿ ಗಂಜಿ ತಂದಿಟ್ಟಳು. ಪಾದ್ರಿ ಒಂದು ತುತ್ತು ಬಾಯಿಗಿಟ್ಟ. ಅಕ್ಕಿ ಮುಗ್ಗು ವಾಸನೆ ಹೊಡೆಯುತ್ತಿತ್ತು. ತಲೆ ಎತ್ತಿದರೆ ಎದುರಿಗೇ ಹೊಸ ಅಕ್ಕಿಯ ಮುಡಿಗಳು. ಹುಲ್ಲಿನ ಬಣ್ಣ ಇನ್ನೂ ಮಾಸಿರಲಿಲ್ಲ.

"ಇಷ್ಟು ಹೊಸ ಅಕ್ಕಿ ಇಟ್ಟುಕೊಂಡು ಬಂದವರಿಗೆ ಮುಗ್ಗಿದ ಅಕ್ಕಿಯಾ ಮಗಾ?" ಎಂದು ನಗಾಡಿದ.

ಹುಡುಗಿ ನಗಲಿಲ್ಲ. "ಅದನ್ನು ಬೇಯಿಸುವ ಹಾಗಿಲ್ಲ ಫಾದರ್. ನಮ್ಮಲ್ಲಿ ಹೊಸತು ಆಗ್ಲಿಲ್ಲ."

"ಈ ವರ್ಷ ಆಗ್ಲಿಲ್ಲವಾ?"

"ನನಗೆ ನೆನಪಿದ್ದ ಹಾಗೆ ಆಗ್ಲೇ ಇಲ್ಲ."

ಆ ಹುಡುಗಿ ನೇಜಿ ನೆಟ್ಟಿದ್ದಳು, ಕಳೆ ಕಿತ್ತಿದ್ದಳು, ಭತ್ತ ಕುಟ್ಟಿದ್ದಳು. ತಮ್ಮ ಗದ್ದೆಯ ಅಕ್ಕಿಯ ರುಚಿ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಗುರುಗಳೇ," ಎಂದು ಡೆನ್ಜಿಲ್ ನಡುವೆ ಬಾಯಿ ಹಾಕಿದ. "ಅವನ ಗದ್ದೆಯ ತುಂಬ ತೆನೆಯೇ ಇತ್ತಲ್ಲ. ತಾನೇ ಒಂದು ಕೊಯ್ದು ಹಾಲಿಗೆ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು."

"ಮುಗಿಯುತ್ತಿತ್ತು. ಬೇಡ ಎನ್ನುವವರು ಯಾರಿದ್ದರು? ಆದರೆ ಅವನ ಪಾಲಿಗೆ ಗದ್ದೆಯಲ್ಲಿದ್ದದ್ದು ಬರೀ ಭತ್ತ. ಚರ್ಚಿನಿಂದ ಬಂದರೆ ಮಾತ್ರ ಅದು ತೆನೆ. ನಿನ್ನ ಹತ್ತಿರ ಬಂದವರ ಮನೆಯಲ್ಲೂ ಬಾವಿ ಇರಬೇಕು ಮಾರಾಯ. ನೀರಿಗೆ ಬರವಿಲ್ಲ."

ಗುರುಗಳು ಮುಂದುವರಿಸಿದರು.

ಪಾದ್ರಿ ಆ ಗಂಜಿಯನ್ನು ಒಂದು ಅಗುಳೂ ಬಿಡದೆ ಉಂಡ. ಮಳೆ ನಿಂತಿರಲಿಲ್ಲ. ಹಾಗೆಯೇ ಇಳಿದು ಚರ್ಚಿಗೆ ನಡೆದ. ಆ ವರ್ಷದ ಹಬ್ಬದ ಒಂದು ತೆನೆ ಒಳಕೋಣೆಯ ಶಿಲುಬೆಗೆ ಸಿಕ್ಕಿಸಿದ್ದು ಒಣಗಿ ಅಲ್ಲೇ ಇತ್ತು. ಅದನ್ನು ತೆಗೆದು ಅಂಗಿಯೊಳಗೆ ಇಟ್ಟುಕೊಂಡು ತಿರುಗಿ ಬಂದ. ಗುರ್ಕಾರನನ್ನು ಕೇಳಲಿಲ್ಲ.

ಅಷ್ಟರಲ್ಲಿ ರೈತ ಬಂದಿದ್ದ. ಪಾದ್ರಿಯ ಕೈಯಲ್ಲಿ ಇದ್ದದ್ದನ್ನು ನೋಡಿ ಅಂಗಳದಲ್ಲೇ ನಿಂತ. ಆಮೇಲೆ ಕಾಲು ತೊಳೆಯತೊಡಗಿದ. ಕೆಸರು ಹೋದ ಮೇಲೂ ತೊಳೆಯುತ್ತಲೇ ಇದ್ದ. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಪಾದ್ರಿ ಕೇಳಲಿಲ್ಲ. ಇನ್ನು ಮುಂದೆ ಬರುತ್ತೀಯಾ ಎಂದೂ ಕೇಳಲಿಲ್ಲ.

ಹುಡುಗಿ ತೆನೆಯ ಕಾಳು ಸುಲಿದಳು, ಅರೆದಳು, ಒಳಗೆ ಸುಲಿದಿಟ್ಟಿದ್ದ ತೆಂಗಿನಕಾಯಿ ಒಡೆದು ತುರಿದು ಹಾಲು ಹಿಂಡಿದಳು. ರೈತ ಯಜಮಾನನ ಜಾಗದಲ್ಲಿ ಕೂತ. ಮಗಳ ಬಾಯಿಗೆ ಒಂದು ಚಮಚ ಕೊಟ್ಟ. ಪಾದ್ರಿಗೆ ಒಂದು ಚಮಚ ಕೊಟ್ಟ. ಒಂದು ಪಾಲನ್ನು ಬಟ್ಟಲಲ್ಲಿ ಹಾಕಿ ಗೋಡೆಯ ಗೂಡಿನಲ್ಲಿ ಎತ್ತಿಟ್ಟ. ಅದು ಯಾರದೆಂದು ಯಾರೂ ಕೇಳಲಿಲ್ಲ. ಕೊನೆಗೆ ತನ್ನ ಚಮಚ ಎತ್ತಿದವನಿಗೆ ಅದನ್ನು ಬಾಯಿಗೆ ಇಡಲು ಆಗಲಿಲ್ಲ. ಅವನು ಅತ್ತ. ಗಂಡಸು ಅಳುವುದನ್ನು ನೋಡಬಾರದೆಂದು ಪಾದ್ರಿ ಮಳೆ ನೋಡುತ್ತ ಕೂತ.

"ಪ್ರತಿ ಹಬ್ಬಕ್ಕೂ ಒಂದು ಕಾಯಿ ಸುಲಿದು ಇಡ್ತಿದ್ದೆ ಫಾದರ್," ಎಂದ ರೈತ. "ಯಾರಾದ್ರೂ ತೆನೆ ತಂದ್ರೆ ಹಾಲು ಹಿಂಡಲಿಕ್ಕೆ ತಡ ಆಗಬಾರದು ಅಂತ."

ಗುರುಗಳು ಇಲ್ಲಿ ನಿಲ್ಲಿಸಿ ಗಂಜಿಯ ಬಟ್ಟಲು ಎತ್ತಿದರು. ಅದು ತಣ್ಣಗಾಗಿತ್ತು. ಕುಡಿದರು.

"ಆಮೇಲೆ ಅವನು ಚರ್ಚಿಗೆ ಬಂದನೇ?" ಎಂದು ಡೆನ್ಜಿಲ್ ಕೇಳಿದ.

"ಕೇಳಿಯೇ ಕೇಳುತ್ತೀ ಎಂದು ಗೊತ್ತಿತ್ತು. ನಿನಗೆ ತಲೆ ಎಣಿಸುವ ಚಟ. ಮುಂದಿನ ಹಬ್ಬದ ಬೆಳಿಗ್ಗೆ ಅಂಗಳದ ಗೋಡೆಯ ಮೇಲೆ ಒಂದು ಹೊರೆ ತೆನೆ ಇತ್ತು. ಗುರ್ಕಾರ ಅದನ್ನು ಕಂಡ. ಮುದುಕನಾಗಿದ್ದ, ಆದರೂ ಬೇರೆಯವರಿಗೆ ಮುಟ್ಟಲು ಬಿಡದೆ ತಾನೇ ತಲೆಯ ಮೇಲೆ ಹೊತ್ತು ಒಳಗೆ ತಂದ. ರೈತ ಮಗಳ ಕೈ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದ. ಒಳಗೆ ಬಂದನೋ ಅಲ್ಲಿಂದಲೇ ತಿರುಗಿದನೋ, ಪಾದ್ರಿ ಹಿಂದೆ ತಿರುಗಿ ನೋಡಲಿಲ್ಲ. ಅವನಿಗೆ ತೆನೆ ಆಶೀರ್ವದಿಸುವ ಕೆಲಸವಿತ್ತು."

ಆಮೇಲೆ ಗುರುಗಳು ಕೇಳಿದರು.

"ಆ ಬಿಳಿ ಅಂಗಿ ಏನಾಯಿತು?"

ಡೆನ್ಜಿಲ್‌ಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ದನಿ ತಗ್ಗಿತು.

"ಅಂಗಡಿಯದಲ್ಲ ಗುರುಗಳೇ. ತ‌ನ್ನ ಮದುವೆಯ ಬಟ್ಟೆ ಕತ್ತರಿಸಿ ತಾಯಿಯೇ ಹೊಲಿದದ್ದಂತೆ. ಬಸ್ಸಿಗೆ ಕಾಯುವಾಗ ಅದನ್ನು ಮಗುವಿನ ಮೈಯಿಂದ ಬಿಚ್ಚಿದಳು. ಮಡಚಿ ಚೀಲದ ತಳದಲ್ಲಿ ಇಟ್ಟಳು. ನಾನು ಕಿಟಕಿಯಿಂದ ನೋಡಿದೆ."

"ನೋಡಿದೆ."

"ಹೌದು. ಕೊಳೆಯಾಗಬಾರದು ಅಂತ ಇರಬೇಕು ಅಂದುಕೊಂಡೆ." ಅವನು ಕೈ ಹೊಸಕಿಕೊಂಡ. ಆದರೂ ಕಲಿತದ್ದನ್ನು ಅಷ್ಟು ಸುಲಭವಾಗಿ ಬಿಡುವ ಹುಡುಗನಲ್ಲ. "ಆದರೆ ಆ ರೈತನ ಸಂಗತಿ ಬೇರೆ ಗುರುಗಳೇ. ಅವನಿಗೊಂದು ಕಾರಣವಿತ್ತು, ಅವನು ಕಾಯುತ್ತಲೂ ಇದ್ದ. ಇವರು ಹಾಗಲ್ಲ. ಏನೇ ಹೇಳಿ, ಇವರು ಚರ್ಚಿಗೆ ಬಾರದವರೇ."

ಗುರುಗಳು ಬಟ್ಟಲು ಕೆಳಗಿಟ್ಟು ಅವನ ಮುಖವನ್ನೇ ನೋಡಿದರು.

"ಬಾರದವರು ಬಾರದವರು ಎನ್ನುತ್ತೀಯಲ್ಲ, ಶನಿವಾರ ಮಗುವನ್ನೆತ್ತಿಕೊಂಡು ಅವರು ಬಂದದ್ದು ಎಲ್ಲಿಗೆ?"